ರೈಗಳ ಪಿಕಪ್‌ನ ಸದ್ದು

೧೯೮೧ರಲ್ಲಿ ನಾನು ಪುತ್ತೂರು ಪೇಟೆಯ ಅಂಚಿನಲ್ಲಿ ಸ್ವಂತ ಗ್ಯಾರೇಜ್ ಇಟ್ಟು ನಾಲ್ಕನೆಯ ವರ್ಷ ನಡೆಯುತ್ತಿತ್ತು. ಮನೆ ಕೆದಂಬಾಡಿಯಲ್ಲಿ, ತೋಟ ಅಣ್ಣನ ಸುಪರ್ದಿಯಲ್ಲಿ. ಆಟೊಮೊಬೈಲ್ ಡಿಪ್ಲೊಮಾ ಮುಗಿಸಿ ಮಂಗಳೂರಿನ ಬಸ್ ವರ್ಕ್‌ಶಾಪ್ ಒಂದರಲ್ಲಿ ಆರು ವರ್ಷ ಮೈಗೆ ಗ್ರೀಸ್ ಹಚ್ಚಿಕೊಂಡ ಮೇಲೆ ಊರಿಗೆ ಬಂದವನು ನಾನು. ಭಟ್ಟರ ಮನೆಯ ಹುಡುಗ ಲಾರಿಯಡಿಯಲ್ಲಿ ಮಲಗುತ್ತಾನೆ ಎಂದು ನೆಂಟರಿಷ್ಟರು ಮದುವೆ ಮನೆಗಳಲ್ಲಿ ಆಡಿಕೊಳ್ಳುತ್ತಿದ್ದರು. ನಾನು ಲೆಕ್ಕಕ್ಕೆ ಇಟ್ಟುಕೊಳ್ಳುತ್ತಿರಲಿಲ್ಲ. ಕೈಯಲ್ಲಿ ಕೆಲಸವಿತ್ತು, ತಲೆಯಲ್ಲಿ ಸ್ವಲ್ಪ ಜಂಬವೂ ಇತ್ತು.

ಆ ಜಂಬ ಯಾವುದೆಂದು ಮೊದಲೇ ಹೇಳಿಬಿಡುತ್ತೇನೆ. ನಾನು ಕೈ ಹಾಕಿದ ಎಂಜಿನ್ ಸದ್ದು ಮಾಡಬಾರದು. ಸದ್ದು ಎಂದರೆ ರೋಗ, ರೋಗ ಎಂದರೆ ಮೆಕ್ಯಾನಿಕ್ಕನಿಗೆ ಅವಮಾನ, ಹೀಗೆ ನನ್ನ ಲೆಕ್ಕ. ನಿಂತ ಗಾಡಿಯ ಬಾನೆಟ್ ಮೇಲೆ ನೀರು ತುಂಬಿದ ಲೋಟ ಇಟ್ಟು, ಎಂಜಿನ್ ಸ್ಟಾರ್ಟ್ ಮಾಡಿ, ನೀರು ಅಲುಗಾಡದ್ದನ್ನು ಗಿರಾಕಿಗಳಿಗೆ ತೋರಿಸುವ ಚಟವೂ ನನಗಿತ್ತು. ಅದನ್ನು ನೆನೆದರೆ ಈಗ ಮುಖ ಮುಚ್ಚಿಕೊಳ್ಳುವ ಹಾಗಾಗುತ್ತದೆ.

ಆ ವರ್ಷ ಫೆಬ್ರವರಿ ಕೊನೆಯಲ್ಲಿ ಕಾಣಿಯೂರಿನ ಜತ್ತಪ್ಪ ರೈಗಳು ತಮ್ಮ ಪಿಕಪ್ ತಂದರು. ಕಾಣಿಯೂರು ಈಗ ಕಡಬ ತಾಲೂಕು, ಆಗ ನಮ್ಮ ಪುತ್ತೂರಿಗೇ ಸೇರಿತ್ತು. ರೈಗಳಿಗೆ ಐವತ್ತರ ಆಸುಪಾಸು, ದೊಡ್ಡ ದೇಹ, ಅದಕ್ಕಿಂತ ದೊಡ್ಡ ನಗು. ಅವರ ಮನೆ ಕಾಣಿಯೂರಿನ ಮುಖ್ಯರಸ್ತೆಯಿಂದ ಒಳಗೆ ಎಂಟೊಂಬತ್ತು ಕಿಲೋಮೀಟರ್ ಮಣ್ಣಿನ ರಸ್ತೆಯ ಕೊನೆಯಲ್ಲಿ. ಆ ರಸ್ತೆಯಲ್ಲಿ ಬಸ್ ಇರಲಿಲ್ಲ. ಇದ್ದದ್ದು ರೈಗಳ ಪಿಕಪ್ ಮಾತ್ರ. ನಾಲ್ಕು ಸಿಲಿಂಡರಿನ ಪೆಟ್ರೋಲ್ ಗಾಡಿ, ನಾನು ಶಾಲೆಗೆ ಸೇರುವ ಹೊತ್ತಿಗೆ ಹುಟ್ಟಿದ್ದು. ಬೆಳಿಗ್ಗೆ ಅಡಿಕೆ, ಬಾಳೆಗೊನೆ, ಜನ ಎಲ್ಲವನ್ನೂ ಹಿಂದೆ ತುಂಬಿಕೊಂಡು ಪುತ್ತೂರಿಗೆ ಬರುವುದು, ಸಂಜೆ ಹಿಂಡಿ, ಗೊಬ್ಬರ, ಅದೇ ಜನರನ್ನು ಹೊತ್ತು ಹಿಂದಿರುಗುವುದು.

ಗಾಡಿ ನನ್ನ ಗ್ಯಾರೇಜಿಗೆ ತಿರುಗುವ ಮೊದಲೇ ಅದರ ಸದ್ದು ಒಳಗೆ ಬಂದಿತ್ತು. ಡಬಡಬ ಎಂದು ಹೊಡೆದುಕೊಂಡು, ನಡುನಡುವೆ ಒಂದು ಪೆಟ್ಟು ತಪ್ಪಿಸಿ, ಆಕ್ಸಿಲರೇಟರ್ ಬಿಟ್ಟಾಗ ಪಟ್ ಪಟ್ ಎಂದು ಪಟಾಕಿ ಸಿಡಿಸುತ್ತ ಬಂತು. ನಾನು ಕಿವಿಗೆ ಕೈ ಇಟ್ಟುಕೊಂಡೆ.

"ಎಂತ ರೈಗಳೇ ಇದು, ಗಾಡಿಯಾ ಗರ್ನಾಲಾ?"

ಗರ್ನಾಲು ಎಂದರೆ ನಮ್ಮ ಕಡೆ ಉತ್ಸವದಲ್ಲಿ ಸಿಡಿಸುವ ದೊಡ್ಡ ಸಿಡಿಮದ್ದು. ರೈಗಳು ನಕ್ಕರು. "ಸದ್ದು ಇರ್ಲಿ ಭಟ್ರೇ, ಏರು ಹತ್ತುದಿಲ್ಲ ಮಾರಾಯ್ರೆ. ಸವಣೂರಿನ ಏರಿನಲ್ಲಿ ಜನರನ್ನು ಇಳಿಸಿ ದೂಡ್ಸುದು. ಮುದುಕರೂ ದೂಡ್ತಾರೆ. ನನಗೆ ನಾಚಿಕೆ ಆಗ್ತದೆ."

ಮತ್ತೆ ದನಿ ತಗ್ಗಿಸಿ ಇನ್ನೊಂದು ವಿಷಯ ಹೇಳಿದರು. "ಮಾರ್ಚ್ ಕೊನೆಗೆ ಎಸ್ಸೆಸ್ಸೆಲ್ಸಿ ಪರೀಕ್ಷೆ ಉಂಟು. ನಮ್ಮ ಗೋಳಿಕಟ್ಟೆಯ ಚೆನ್ನಪ್ಪ ಗೌಡ್ರ ಮಗಳು ಲಲಿತಾ ಬರೀತಾಳೆ. ಆ ಬದಿಯಿಂದ ಹತ್ತನೇ ಕ್ಲಾಸು ಮುಟ್ಟಿದ ಮೊದಲ ಹುಡುಗಿ. ಪಾಸಾದ್ರೆ ಟೀಚರ್ ಟ್ರೈನಿಂಗಿಗೆ ಕಳಿಸ್ತೇನೆ ಅಂತ ಗೌಡ್ರು ಒಪ್ಪಿದ್ದಾರೆ. ಇಲ್ಲದಿದ್ರೆ ಮದುವೆ. ಪರೀಕ್ಷೆ ಪುತ್ತೂರಿನಲ್ಲಿ. ದಿನಾ ನಾನೇ ಕರ್ಕೊಂಡು ಹೋಗುದು ಅಂತ ಮಾತು ಕೊಟ್ಟಿದ್ದೇನೆ. ಅದಕ್ಕಿಂತ ಮೊದಲು ಗಾಡಿ ಆಗ್ಬೇಕು."

"ಆಗ್ತದೆ" ಎಂದೆ. ಆ ಹುಡುಗಿಯ ಪರೀಕ್ಷೆಯ ವಿಷಯ ನನಗೆ ಗೊತ್ತಿರಲಿಲ್ಲ ಎಂದು ಹೇಳಿಕೊಳ್ಳುವ ದಾರಿ ನನಗೆ ಆವತ್ತೇ ಮುಚ್ಚಿತು.

ಬಾನೆಟ್ ತೆರೆದು ನೋಡಿದರೆ ಕಾಯಿಲೆ ಒಂದೆರಡಲ್ಲ. ಸಿಲಿಂಡರಿನೊಳಗೆ ಪಿಸ್ಟನ್ ಗಾಳಿಯನ್ನು ಎಷ್ಟು ಬಿಗಿಯಾಗಿ ಒತ್ತುತ್ತದೆ ಎಂಬುದರ ಮೇಲೆ ಎಂಜಿನ್ನಿನ ಶಕ್ತಿ ನಿಂತಿದೆ, ಇದಕ್ಕೆ ಕಂಪ್ರೆಶನ್ ಎನ್ನುತ್ತಾರೆ. ಒಂದು, ಎರಡು, ನಾಲ್ಕನೆಯ ಸಿಲಿಂಡರುಗಳಲ್ಲಿ ಅದು ಎಂಬತ್ತು ಪೌಂಡಿನ ಹತ್ತಿರ ಇತ್ತು, ಮೂರನೆಯ ಸಿಲಿಂಡರಿನಲ್ಲಿ ಐವತ್ತೂ ಇರಲಿಲ್ಲ. ತಪ್ಪುತ್ತಿದ್ದ ಪೆಟ್ಟು ಅದರದು. ಎಂಜಿನ್ ಮತ್ತು ಹೊಗೆ ಕೊಳವೆ ಸೇರುವಲ್ಲಿ ಹೊಗೆ ಸೋರದಂತೆ ತಡೆಯುವ ಗ್ಯಾಸ್ಕೆಟ್ ಸುಟ್ಟು ಸಂದಿಯಾಗಿತ್ತು. ಸೈಲೆನ್ಸರಿನ ಒಳಗೆ ಸದ್ದನ್ನು ತಡೆಯಲು ತೂತಿನ ತಗಡುಗಳ ಅಡ್ಡಗೋಡೆ ಇರುತ್ತದೆ, ಬ್ಯಾಫಲ್ ಎಂದು ಅದರ ಹೆಸರು. ರೈಗಳ ಸೈಲೆನ್ಸರ್ ಬಿಚ್ಚಿ ಅಲ್ಲಾಡಿಸಿದರೆ ಆ ಬ್ಯಾಫಲ್‌ಗಳು ತುಕ್ಕಿನ ಪುಡಿಯಾಗಿ ಕೆಳಗೆ ಸುರಿದವು.

ನಾನು ಮನಸ್ಸಿಟ್ಟು ಕೆಲಸ ಮಾಡಿದೆ, ಅದನ್ನು ಇವತ್ತಿಗೂ ಹೇಳಬಲ್ಲೆ. ಬ್ಲಾಕನ್ನು ಮಂಗಳೂರಿಗೆ ಒಯ್ದು ಬೋರ್ ಮಾಡಿಸಿದೆ, ಅಂದರೆ ಸವೆದ ಸಿಲಿಂಡರನ್ನು ಒಳಗಿನಿಂದ ಕೊರೆದು ಸಮ ಮಾಡಿಸಿದೆ. ಹೊಸ ಪಿಸ್ಟನ್, ಹೊಸ ರಿಂಗ್, ಹೊಸ ಗ್ಯಾಸ್ಕೆಟ್. ವಾಲ್ವುಗಳನ್ನು ಕೈಯಲ್ಲೇ ಉಜ್ಜಿ ಕೂರಿಸಿದೆ. ಕಾರ್ಬುರೇಟರಿನಿಂದ ಒಂದು ಚಮಚೆ ಕೆಸರು ತೆಗೆದೆ. ಕಿಡಿ ಹಾರುವ ಟೈಮಿಂಗ್ ಹೊಂದಿಸಿದೆ. ಕೊನೆಗೆ ಹೊಸ ಸೈಲೆನ್ಸರನ್ನು ನಾನೇ ಕಟ್ಟಿದೆ. ಒಂದರ ಬದಲು ಎರಡು ಸಾಲು ಬ್ಯಾಫಲ್, ಹೊಗೆಗೆ ಉಸಿರು ಕಟ್ಟದ ಹಾಗೆ ಅಗಲದ ಕೊಳವೆ. ಉಸಿರು ಕಟ್ಟಿದರೆ ಎಂಜಿನ್ ಶಕ್ತಿ ಕಳೆದುಕೊಳ್ಳುತ್ತದೆ. ಶಕ್ತಿ ಬಿಟ್ಟುಕೊಡದೆ ಸದ್ದು ಮಾತ್ರ ಅಡಗಿಸುವುದು ಕಷ್ಟದ ಕೆಲಸ. ಅದನ್ನು ಸಾಧಿಸಿದೆ. ನಾಲ್ಕೂ ಸಿಲಿಂಡರ್ ನೂರೈದರ ಹತ್ತಿರ ನಿಂತವು. ಬಾನೆಟ್ ಮೇಲಿನ ಲೋಟ ಅಲುಗಲಿಲ್ಲ.

ಪರೀಕ್ಷೆ ಸೋಮವಾರ ಶುರು. ಗಾಡಿ ಸಿದ್ಧವಾದದ್ದು ಹಿಂದಿನ ದಿನ ಭಾನುವಾರ ಮಧ್ಯಾಹ್ನ. ಹೊಸದಾಗಿ ಕಟ್ಟಿದ ಎಂಜಿನ್ ಬೆಳಿಗ್ಗೆ ತಣ್ಣಗಿದ್ದಾಗ ಹೇಗೆ ಹಿಡಿಯುತ್ತದೆ ಎಂದು ನೋಡಬೇಕು, ಹಾಗಾಗಿ ನಾನೂ ರೈಗಳ ಜೊತೆ ಹೊರಟೆ. ಸವಣೂರಿನ ಏರನ್ನು ಗಾಡಿ ಸೆಕೆಂಡ್ ಗೇರಿನಲ್ಲಿ ಸಲೀಸಾಗಿ ಹತ್ತಿತು. ರೈಗಳು ಸ್ಟಿಯರಿಂಗನ್ನು ಒಂದು ಕೈಯಲ್ಲಿ ಮುಟ್ಟಿ ಕಣ್ಣಿಗೊತ್ತಿ, ಅದೇ ಕೈ ಎತ್ತಿ ನನಗೂ ನಮಸ್ಕರಿಸಿದರು. ಸಂಜೆ ಅವರ ಅಂಗಳದಲ್ಲಿ ಗಾಡಿ ನಿಂತಾಗ ನಾಯಿ ಕೂಡ ಏಳಲಿಲ್ಲ. ಬಚ್ಚಲ ಹತ್ತಿರವಿದ್ದ ರೈಗಳ ಹೆಂಡತಿ ಬೆಚ್ಚಿಬಿದ್ದು ತಿರುಗಿದರು.

"ಅಯ್ಯೋ, ಬಂದದ್ದೇ ಗೊತ್ತಾಗ್ಲಿಲ್ಲ!"

ಅದನ್ನು ನಾನು ಹೊಗಳಿಕೆ ಎಂದು ತೆಗೆದುಕೊಂಡೆ. ಊಟದ ಹೊತ್ತಿಗೆ ಆ ಮಾತನ್ನು ಇನ್ನೊಮ್ಮೆ ಅವರ ಬಾಯಿಂದ ಹೇಳಿಸಿದೆ ಕೂಡ.

ಇಲ್ಲಿ ಆ ಕಡೆಯ ಒಂದು ರೂಢಿ ವಿವರಿಸಬೇಕು. ನಮ್ಮಲ್ಲಿ ಮನೆಗಳು ಒತ್ತೊತ್ತಾಗಿ ಒಂದೇ ಕಡೆ ಇರುವುದಿಲ್ಲ. ಒಂದೊಂದು ಮನೆ ಒಂದೊಂದು ತಗ್ಗಿನಲ್ಲಿ, ಅವರವರ ನೀರಿನ ಹತ್ತಿರ. ರಸ್ತೆ ಮಾತ್ರ ಮೇಲೆ ಗುಡ್ಡದ ನೆತ್ತಿಯಲ್ಲಿ. ಕೆಳಗಿನಿಂದ ರಸ್ತೆ ಕಾಣುವುದಿಲ್ಲ. ರೈಗಳ ಗಾಡಿಗೆ ಹೊತ್ತುಗೊತ್ತು ಇರಲಿಲ್ಲ, ಲೋಡ್ ಆದಾಗ ಹೊರಡುವುದು. ಹಾಗೆಂದು ಯಾರೂ ರಸ್ತೆಯಲ್ಲಿ ಕಾದು ನಿಲ್ಲುತ್ತಿರಲಿಲ್ಲ. ಮನೆಯಲ್ಲೇ ಕೆಲಸ ಮಾಡುತ್ತ ಕಿವಿ ಕೊಟ್ಟಿರುತ್ತಿದ್ದರು. ಗಾಡಿ ಎರಡು ಗುಡ್ಡದ ಆಚೆ ಇದ್ದಾಗಲೇ ಡಬಡಬ ಶುರು. ಆಗ ಅಂಗಿ ಹಾಕಿ, ಚೀಲ ಹೆಗಲಿಗೇರಿಸಿ, ಹತ್ತಿ ಬಂದರೆ ಗಾಡಿಯೂ ಬಂದು ನಿಲ್ಲುತ್ತಿತ್ತು. ವರ್ಷಗಟ್ಟಲೆ ಹೀಗೆ ನಡೆದಿತ್ತು. ಇದು ರೈಗಳಿಗೆ ಗೊತ್ತಿರಲಿಲ್ಲ ಎಂದರೆ ನಂಬುವುದು ಕಷ್ಟ. ಆದರೆ ಗಾಡಿಯ ಒಳಗೆ ಕೂತವನಿಗೆ ಕಾಣುವುದು ಸರಿಯಾದ ಹೊತ್ತಿಗೆ ರಸ್ತೆಯಲ್ಲಿ ನಿಂತ ಜನ ಮಾತ್ರ. ಅವರು ಹೇಗೆ ಅಷ್ಟು ಸರಿಯಾಗಿ ಬರುತ್ತಾರೆ ಎಂದು ರೈಗಳು ಯೋಚಿಸಿರಲಿಲ್ಲ. ನಾನಂತೂ ಕೇಳಿರಲಿಲ್ಲ.

ಸೋಮವಾರ ಬೆಳಿಗ್ಗೆ ಎಂಜಿನ್ ಸೆಲ್ಫ್ ಸ್ಟಾರ್ಟರ್ ಒತ್ತಿದ ಮೊದಲ ಸಲಕ್ಕೇ ಹಿಡಿಯಿತು. ಪುತ್ತೂರಿನ ಸಂತೆಯ ದಿನ, ರೈಗಳ ಮನೆಯ ಹತ್ತಿರವೇ ಹಿಂದೆ ಬಾಳೆಗೊನೆ ತುಂಬಿತು, ಅದರ ಮೇಲೆ ನಾಲ್ಕೈದು ಜನ. ದಾರಿಯಲ್ಲಿ ಯಾರೂ ಸಿಗಲಿಲ್ಲ. "ಇವತ್ತು ಜನವೇ ಇಲ್ಲ, ಎಲ್ಲಿ ಹೋದ್ರು?" ಎಂದು ರೈಗಳು ಒಂದು ಸಲ ಹೇಳಿದರು. ಆಗಲೂ ನಮ್ಮಿಬ್ಬರ ತಲೆಗೆ ಹೊಳೆಯಲಿಲ್ಲ.

ಏಳು ಗಂಟೆಯ ಸುಮಾರಿಗೆ ಗೋಳಿಕಟ್ಟೆ ಬಂತು. ಗೋಳಿ ಎಂದರೆ ಆಲದ ಮರ, ಅದರ ಬುಡದಲ್ಲಿ ಕಲ್ಲಿನ ಕಟ್ಟೆ, ಅಲ್ಲಿಂದ ಕೆಳಗೆ ಚೆನ್ನಪ್ಪ ಗೌಡರ ಮನೆಗೆ ಕಾಲುದಾರಿ. ಕಟ್ಟೆಯ ಹತ್ತಿರ ಯಾರೂ ಇಲ್ಲ. ರೈಗಳು ಗಾಡಿ ನಿಲ್ಲಿಸಿ ಕೆಳಗೆ ನೋಡಿದರು. ಅವರ ಕೈ ಹಾರ್ನಿನ ಕಡೆ ಹೋಯಿತು. ಹಳೆಯ ಹಾರ್ನ್ ಕೆಟ್ಟು ವರ್ಷಗಳಾಗಿತ್ತು, ನಾನೇ ಹೊಸತು ಹಾಕಿ ಕೊಟ್ಟಿದ್ದೆ.

"ಸ್ವಲ್ಪ ತಡೀರಿ" ಎಂದೆ. "ಹಾರ್ನ್ ಹಾಕ್ಬೇಡಿ. ಲೋಡ್ ಉಂಟಲ್ಲ, ಐಡ್ಲಿಂಗ್ ಹೇಗುಂಟು ಅಂತ ಕೇಳ್ಬೇಕು."

ಐಡ್ಲಿಂಗ್ ಎಂದರೆ ನಿಂತಲ್ಲೇ ಎಂಜಿನ್ ಓಡುವುದು. ನಾನು ಇಳಿದು ಬಾನೆಟ್ ಎತ್ತಿದೆ. ಉದ್ದದ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ, ಹಿಡಿಯನ್ನು ಕಿವಿಗೆ ಒತ್ತಿ ಹಿಡಿದರೆ ಒಳಗಿನ ಸಣ್ಣ ಟಿಕ್ ಟಿಕ್ ಕೂಡ ಕೇಳುತ್ತದೆ, ವೈದ್ಯರು ಎದೆ ನೋಡುವ ಹಾಗೆ. ಹಾಗೆ ಹಿಡಿದು, ಕಣ್ಣು ಮುಚ್ಚಿ, ಒಂದೊಂದೇ ವಾಲ್ವನ್ನು ಆಲಿಸುತ್ತ ನಿಂತೆ. ಎಲ್ಲವೂ ಸೊಗಸಾಗಿತ್ತು. ಹಿಂದಿನಿಂದ ಯಾರೋ "ಸಂತೆಗೆ ತಡ ಆಗ್ತದೆ" ಎಂದು ಕೂಗಿದರು.

"ಮಗು ಕಾಣುದಿಲ್ಲ" ಎಂದರು ರೈಗಳು. "ನಿನ್ನೆಯೇ ನೆಂಟರ ಮನೆಗೆ ಹೋಯಿತಾ ಎಂತದ?"

"ಹೋಗಿರ್ಬೇಕು. ಪರೀಕ್ಷೆ ಇದ್ದವರು ಇಷ್ಟು ಹೊತ್ತಿಗೆ ಇಲ್ಲಿ ನಿಲ್ಬೇಕಿತ್ತಲ್ಲ" ಎಂದೆ ನಾನು. ಬಾನೆಟ್ ಮುಚ್ಚಿ ಹತ್ತಿ ಕೂತೆ. ನಾವು ಹೊರಟೆವು.

ಆ ದಿನವಿಡೀ ಗ್ಯಾರೇಜಿಗೆ ಬಂದವರಿಗೆಲ್ಲ ರೈಗಳ ಗಾಡಿಯ ವರ್ಣನೆ ಮಾಡಿದೆ. ಸಂಜೆ ರೈಗಳು ಹಿಂದಿರುಗುವಾಗ ಮತ್ತೆ ಜೊತೆಗೆ ಹೋದೆ. ಲೋಡ್ ಕಡಿಮೆಯಿದ್ದ ಗಾಡಿ ಇಳಿಜಾರಿನಲ್ಲಿ ಹೇಗಿರುತ್ತದೆ ನೋಡಬೇಕಿತ್ತು. ಗೋಳಿಕಟ್ಟೆಯ ಮೇಲೆ ಒಬ್ಬರು ಕೂತಿದ್ದರು. ತೆಳ್ಳಗಿನ ಮನುಷ್ಯ, ತಲೆಗೆ ಮುಂಡಾಸು. ನಾವು ತೀರ ಹತ್ತಿರ ಬಂದ ಮೇಲೆ ತಲೆಯೆತ್ತಿದರು. ಚೆನ್ನಪ್ಪ ಗೌಡರು.

"ರೈಗಳೇ, ನೀವು ಬೆಳಿಗ್ಗೆ ಬರ್ಲಿಲ್ವಾ?"

"ಬಂದಿದ್ದೆನಲ್ಲ ಗೌಡ್ರೇ! ಇಲ್ಲೇ ನಿಲ್ಲಿಸಿದ್ದೆ."

ಗೌಡರು ಗಾಡಿಯನ್ನೂ ನಮ್ಮನ್ನೂ ನೋಡಿದರು. ಎಂಜಿನ್ ಓಡುತ್ತಲೇ ಇತ್ತು. ಅದು ಓಡುತ್ತಿದೆ ಎಂದು ಅವರಿಗೆ ತಿಳಿದದ್ದು ಆಗ. ಅವರ ಮುಖ ಬದಲಾದದ್ದನ್ನು ನಾನು ನೋಡಿದೆ.

"ನಿನ್ನೆ ಸಂಜೆಯೂ ಗಾಡಿ ಬಂದ ಸದ್ದು ಕೇಳ್ಲಿಲ್ಲ" ಎಂದರು. "ರಿಪೇರಿ ಮುಗೀಲಿಲ್ಲ, ನಾವು ನಡ್ಕೊಂಡು ಹೋಗಿ ಬಸ್ ಹಿಡಿಯುವ ಅಂತ ನಾನು ಹೇಳಿದೆ. ರೈಗಳು ಮಾತು ಕೊಟ್ಟಿದ್ದಾರೆ, ಬಂದೇ ಬರ್ತಾರೆ ಅಂತ ಅವಳೇ ಕೂತಳು. ಬೆಳಿಗ್ಗೆ ಆರು ಗಂಟೆಯಿಂದ ಜಗಲಿಯ ತುದಿಯಲ್ಲಿ ಕೂತಿದ್ಲು. ಅವಳಮ್ಮನಿಗೆ ಅಂಗಳ ಗುಡಿಸ್ಲಿಕ್ಕೆ ಬಿಡ್ಲಿಲ್ಲ. ಹಿಡಿಸೂಡಿಯ ಸದ್ದಿಗೆ ಗಾಡಿ ಕೇಳುದಿಲ್ಲ ಅಂತ. ಬಾವಿಯಿಂದ ನೀರೂ ಎಳೀಲಿಕ್ಕೆ ಇಲ್ಲ, ರಾಟೆ ಕಿರುಗುಟ್ತದೆ ಅಂತ."

ಎಂಟೂವರೆಗೆ ಅವಳು ಎದ್ದು ಮುಖ್ಯರಸ್ತೆಯವರೆಗೆ ನಾಲ್ಕು ಕಿಲೋಮೀಟರ್ ಓಡಿದ್ದಳು. ಸಿಕ್ಕಿದ ಬಸ್ ಹಿಡಿದು ಪುತ್ತೂರಿಗೆ ಬರುವಾಗ ಪರೀಕ್ಷೆ ಶುರುವಾಗಿ ಅರ್ಧ ಗಂಟೆ ಮೀರಿತ್ತು. ಆ ಮೇಲೆ ಒಳಗೆ ಬಿಡುವ ನಿಯಮವಿಲ್ಲ. ಮೊದಲ ದಿನ ಕನ್ನಡ. ಅವಳು ಕ್ಲಾಸಿಗೆ ಮೊದಲಿಗಳಾಗಿದ್ದ ವಿಷಯ. ಅವಳು ಗೇಟಿನಿಂದ ತಿರುಗಿ ಬಸ್‌ಸ್ಟ್ಯಾಂಡಿಗೆ ನಡೆದ ದಾರಿ ನನ್ನ ಗ್ಯಾರೇಜಿನ ಎದುರೇ. ನಾನು ಆಗ ಯಾರಿಗೋ ಲೋಟದ ನೀರಿನ ಕತೆ ಹೇಳುತ್ತಿದ್ದಿರಬೇಕು.

ಗೌಡರು ಬೈಯಲಿಲ್ಲ. ಬೈದಿದ್ದರೆ ನಾನೂ ಎರಡು ಮಾತು ಆಡಿ ಹಗುರವಾಗುತ್ತಿದ್ದೆನೋ ಏನೋ. "ನಾನು ಹಾರ್ನ್ ಹಾಕ್ಲಿಕ್ಕೆ ಬಿಡ್ಲಿಲ್ಲ ಗೌಡ್ರೇ" ಎಂದೆ. ರೈಗಳು "ಇಲ್ಲ, ನಾನು ಇಳಿದು ಕೆಳಗೆ ಹೋಗ್ಬೇಕಿತ್ತು" ಎಂದರು. ಗೌಡರು ಕಟ್ಟೆಯಿಂದ ಎದ್ದು ಕಾಲುದಾರಿ ಇಳಿದು ಹೋದರು. ನನಗೆ ಗಾಡಿಯಲ್ಲಿ ಕೂರಲು ನಾಚಿಕೆಯಾಯಿತು. ಅದು ಅಷ್ಟು ಚೆನ್ನಾಗಿ ಓಡುತ್ತಿತ್ತು.

ಉಳಿದ ಪರೀಕ್ಷೆಗಳಿಗೆ ರೈಗಳು ಅವಳನ್ನು ಕರೆದೊಯ್ದರು. ಮನೆಯ ಗೇಟಿನಿಂದ ಗೋಳಿಕಟ್ಟೆಯವರೆಗೆ ಹಾರ್ನ್ ಮೇಲಿನ ಕೈ ತೆಗೆಯದೆ ಬರುತ್ತಿದ್ದರಂತೆ. ಎರಡೇ ವಾರದಲ್ಲಿ ಆ ಕಡೆ ನನಗೆ ಹೆಸರೂ ಬಿತ್ತು, ಸದ್ದಿಲ್ಲದ ಭಟ್ರು ಎಂದು. ಕಾಣಿಯೂರಿನ ಹೋಟೆಲಿನಲ್ಲಿ ಚಹಾ ಕುಡಿಯುತ್ತಿದ್ದಾಗ ಒಬ್ಬರು, "ಕೆಮ್ಮಿಯಾದ್ರೂ ಬನ್ನಿ ಮಾರಾಯ್ರೆ, ನೀವು ಬಂದದ್ದು ಗೊತ್ತಾಗುದಿಲ್ಲ" ಎಂದರು. ಎಲ್ಲರೂ ನಕ್ಕರು. ನಾನೂ ನಗಲು ನೋಡಿದೆ. ಬಾಯಿ ಅಗಲವಾಯಿತೇ ಹೊರತು ನಗು ಬರಲಿಲ್ಲ.

ಏಪ್ರಿಲಿನಲ್ಲಿ ರೈಗಳು ಮತ್ತೆ ಬಂದರು. "ಭಟ್ರೇ, ಹಾರ್ನ್ ಸಾಕಾಗುದಿಲ್ಲ. ತಿರುವು ದಾಟಿದ್ರೆ ಕೇಳುದಿಲ್ಲ. ಜನರಿಗೆ ಗಾಡಿ ಸಿಗುದಿಲ್ಲ. ನಿನ್ನೆ ಒಬ್ಬರು ಜ್ವರದ ಮುದುಕಿಯನ್ನು ರಸ್ತೆ ಬದಿಯಲ್ಲಿ ಎರಡು ಗಂಟೆ ಮಲಗಿಸಿಕೊಂಡು ಕೂತಿದ್ರು. ನನ್ನ ಹಳೆ ಸದ್ದು ವಾಪಸು ಕೊಡಿ."

ಅದು ಹೇಳಿದಷ್ಟು ಸುಲಭವಿರಲಿಲ್ಲ. ಹಳೆಯ ಸದ್ದು ಸವೆದ ಸಿಲಿಂಡರಿನದು, ಸುಟ್ಟ ಗ್ಯಾಸ್ಕೆಟಿನದು. ಅದನ್ನು ಹಿಂದೆ ತರಬೇಕಾದರೆ ಗಾಡಿಯನ್ನು ಮತ್ತೆ ಕೆಡಿಸಬೇಕು, ಮುದುಕರು ಮತ್ತೆ ದೂಡಬೇಕು. ಶಕ್ತಿ ಉಳಿಯಬೇಕು, ಸದ್ದು ಎರಡು ಗುಡ್ಡ ದಾಟಬೇಕು. ಕೀರಲು ಸದ್ದು ಗುಡ್ಡಕ್ಕೆ ತಾಗಿ ಅಲ್ಲೇ ಸಾಯುತ್ತದೆ, ದಪ್ಪ ಸದ್ದು ಸುತ್ತಿ ಬರುತ್ತದೆ, ತಾಳಕ್ಕಿಂತ ಡೋಲು ದೂರಕ್ಕೆ ಕೇಳುವ ಹಾಗೆ. ನಾನು ಒಂದು ಸಾಲು ಬ್ಯಾಫಲ್ ತೆಗೆದೆ, ಹಿಂದಿನ ಕೊಳವೆ ಉದ್ದ ಮಾಡಿದೆ. ಗ್ಯಾರೇಜಿನಲ್ಲಿ ಗುಂ ಎಂದು ತುಂಬುವ ಸದ್ದು ಬಂತು. ಸರಿಯಾಯಿತೋ ಇಲ್ಲವೋ ಎಂದು ಹೇಳುವ ಅಧಿಕಾರ ಮಾತ್ರ ನನ್ನ ಕಿವಿಗೆ ಇರಲಿಲ್ಲ. ಅದಕ್ಕೆ ಚೆನ್ನಪ್ಪ ಗೌಡರ ಜಗಲಿಗೇ ಹೋಗಬೇಕಿತ್ತು.

ಮೇ ತಿಂಗಳ ಒಂದು ಭಾನುವಾರ ಹೋದೆ. ಆ ಕಾಲುದಾರಿ ಇಳಿಯುವಾಗ ಇದ್ದ ನಾಚಿಕೆಯನ್ನು ನಾನು ಬೇರೆಲ್ಲೂ ಅನುಭವಿಸಿಲ್ಲ. ಗೌಡರ ಹೆಂಡತಿ ಬೆಲ್ಲ, ನೀರು ತಂದಿಟ್ಟರು. ಫಲಿತಾಂಶ ಬಂದಿತ್ತು. ಉಳಿದ ಎಲ್ಲ ವಿಷಯಗಳಲ್ಲಿ ಒಳ್ಳೆಯ ಅಂಕ, ಕನ್ನಡದ ಎದುರು ಗೈರುಹಾಜರಿ. ಒಟ್ಟಿನಲ್ಲಿ ಫೇಲು. ಸುಳ್ಯದ ಕಡೆಯಿಂದ ಒಂದು ಸಂಬಂಧವೂ ಕೇಳಿಕೊಂಡು ಬಂದಿತ್ತು.

"ಅಕ್ಟೋಬರಿನಲ್ಲಿ ಇನ್ನೊಮ್ಮೆ ಬರೀಲಿಕ್ಕೆ ಉಂಟಲ್ಲ ಗೌಡ್ರೇ" ಎಂದೆ. ಹೇಳುವ ಹಕ್ಕು ನನಗಿರಲಿಲ್ಲ, ಆದರೂ ಹೇಳಿದೆ.

"ಬರೀಲಿ" ಎಂದರು ಗೌಡರು. "ಅಷ್ಟರವರೆಗೆ ಅವರು ಕಾಯುದಾದ್ರೆ ಕಾಯ್ಲಿ. ಆ ಮೇಲೆ ನನ್ನಿಂದ ಆಗ್ಲಿಕ್ಕಿಲ್ಲ."

ಲಲಿತಾ ಒಳಗಿಂದ ಬಂದು ಕಂಬದ ಹತ್ತಿರ ನಿಂತಳು. ಎರಡು ಜಡೆ, ಹೆಣೆದುಕೊಂಡ ಕೈಗಳು. ನನ್ನ ಮುಖ ನೋಡಲಿಲ್ಲ. ಮೊದಲೇ ಮಾತಾಡಿಕೊಂಡಂತೆ ರೈಗಳು ಎರಡು ಗುಡ್ಡದ ಆಚೆಯಿಂದ ಗಾಡಿ ಹೊರಡಿಸಿದರು. ಗೌಡರ ಹೆಂಡತಿ ಯಾರೂ ಹೇಳದೆಯೇ ಹಿಡಿಸೂಡಿಯನ್ನು ಗೋಡೆಗೆ ಒರಗಿಸಿ ಕೂತರು. ನನ್ನ ಹೊಸ ಸದ್ದು ದೂರದಿಂದಲೇ ಕೇಳಿತು. ನಾನು ಆಸೆಯಿಂದ ಹುಡುಗಿಯ ಕಡೆ ನೋಡಿದೆ.

"ಇದು ಯಾವುದೋ ಲಾರಿ" ಎಂದಳು.

"ಇದೇ ರೈಗಳ ಗಾಡಿ."

"ಅಲ್ಲ ಅಣ್ಣ. ರೈಗಳದ್ದಕ್ಕೆ ತಿರುವಿನಲ್ಲಿ ಪಟ್ ಪಟ್ ಅಂತ ಉಂಟು. ಮೊದಲ ಪಟ್ ಪಟ್ ಅಂದ್ರೆ ಕಲ್ಲುಕೋರೆಯ ತಿರುವು, ಆಗ ಜಡೆ ಕಟ್ಲಿಕ್ಕೆ ಸಮಯ ಉಂಟು. ಎರಡನೇದು ಹುಣಸೆಮರದ ಹತ್ತಿರ, ಆಗ ಓಡ್ಬೇಕು. ಇದ್ರಲ್ಲಿ ಎಲ್ಲಿ ಬಂತು ಅಂತ ಹೇಗೆ ಗೊತ್ತಾಗುದು?"

ಇಳಿಜಾರಿನ ತಿರುವಿನಲ್ಲಿ ಆಕ್ಸಿಲರೇಟರ್ ಬಿಟ್ಟಾಗ, ಸುಟ್ಟ ಗ್ಯಾಸ್ಕೆಟಿನ ಸಂದಿಯಿಂದ ಹೊರಗಿನ ಗಾಳಿ ಬಿಸಿ ಕೊಳವೆಗೆ ನುಗ್ಗಿ, ಉರಿಯದೆ ಉಳಿದ ಪೆಟ್ರೋಲ್ ಆವಿ ಸಿಡಿಯುತ್ತಿತ್ತು. ನಾನು ಮೊದಲ ದಿನ ಕಿವಿ ಮುಚ್ಚಿಕೊಂಡದ್ದು ಆ ಸದ್ದಿಗೇ. ಇವಳು ಜಡೆ ಕಟ್ಟುವ ಹೊತ್ತನ್ನು ಅದರಲ್ಲೇ ಅಳೆಯುತ್ತಿದ್ದಳು.

ಮುಂದಿನ ಭಾನುವಾರ ಗೋಳಿಕಟ್ಟೆಯ ಬಳಿ ಸಣ್ಣ ಕೈಡ್ರಿಲ್ ಹಿಡಿದು, ಸೈಲೆನ್ಸರಿಗೆ ಮೊದಲು ಕೊಳವೆಯ ಜೋಡಣೆಯ ಹತ್ತಿರ, ನಾನೇ ಕಟ್ಟಿದ ಗಾಡಿಗೆ ನಾನೇ ತೂತು ಕೊರೆದೆ. ಎಂಜಿನ್ನಿನ ಶಕ್ತಿಗೆ ಅದರಿಂದ ತೊಂದರೆಯಿಲ್ಲ. ಆದರೂ ನನ್ನ ವರ್ಕ್‌ಶಾಪಿನ ಹಳೆಯ ಫೋರ್‌ಮನ್ ನೋಡಿದ್ದರೆ ಸ್ಪ್ಯಾನರ್ ಎಸೆಯುತ್ತಿದ್ದರು. ಮೊದಲು ತೂತು ಸಣ್ಣದಾಯಿತು, ಮತ್ತೆ ಕೊರೆದೆ. ರೈಗಳು ಅದೇ ದಾರಿಯಲ್ಲಿ ಹೋಗಿ ಬಂದು ಸುಸ್ತಾದರು. ನಾನು ಜಗಲಿಗೂ ಗೋಳಿಕಟ್ಟೆಗೂ ನಡುವೆ ಹತ್ತಿ ಇಳಿದು ಬೆವರಿನಲ್ಲಿ ತೊಯ್ದೆ. ಮಧ್ಯಾಹ್ನದ ಹೊತ್ತಿಗೆ ದೂರದಲ್ಲಿ ಗುಂ ಎಂಬ ಸದ್ದು, ಸ್ವಲ್ಪ ಹೊತ್ತಿನ ಮೇಲೆ ಪಟ್ ಪಟ್.

ಲಲಿತಾ ತಲೆಯೆತ್ತಿದಳು. "ಕಲ್ಲುಕೋರೆ" ಎಂದಳು. ಮತ್ತೆ ಎರಡನೆಯದು ಬಂತು. "ಇದು ರೈಗಳದ್ದು."

ಗೌಡರ ಹೆಂಡತಿ ಎದ್ದು ಅಂಗಳ ಗುಡಿಸಲು ಹೊರಟರು. ತಪ್ಪು ತಿದ್ದಿಕೊಂಡೆ ಎಂದು ಆ ಹೊತ್ತಿಗೆ ನಿಜವಾಗಿಯೂ ಅಂದುಕೊಂಡೆ.

ರೂಢಿ ಮತ್ತೆ ಮೊದಲಿನಂತಾಯಿತು. ಗಾಡಿ ಎರಡು ಗುಡ್ಡದ ಆಚೆ ಇರುವಾಗ ಜನ ಅಂಗಿ ಹಾಕಿದರು, ಚೀಲ ಎತ್ತಿದರು, ಸರಿಯಾದ ಹೊತ್ತಿಗೆ ರಸ್ತೆಗೆ ಬಂದರು. ಮಳೆಗಾಲದಲ್ಲೂ ಸದ್ದು ಕೇಳುತ್ತದೆ ಎಂದು ರೈಗಳು ಹೇಳಿಕಳಿಸಿದರು. ನನ್ನ ಅಡ್ಡಹೆಸರು ಮಾತ್ರ ಹಾಗೇ ಉಳಿಯಿತು.

ಅಕ್ಟೋಬರಿನಲ್ಲಿ ಕನ್ನಡ ಪರೀಕ್ಷೆಯ ದಿನ ನಾನು ಹಿಂದಿನ ಸಂಜೆಯೇ ರೈಗಳ ಮನೆಗೆ ಹೋಗಿದ್ದೆ. ನೋಡಲೇಬೇಕು ಅನ್ನಿಸಿತ್ತು. ಆ ಸದ್ದು ಕೇಳಿ ಅವಳು ಕೆಳಗಿನಿಂದ ಓಡಿ ಬರುವುದನ್ನು ಒಮ್ಮೆ ಕಣ್ಣಾರೆ ಕಂಡರೆ ಎದೆಯ ಭಾರ ಇಳಿಯುತ್ತದೆ ಎಂದು ಲೆಕ್ಕ ಹಾಕಿದ್ದೆ. ಬೆಳಿಗ್ಗೆ ಬೇಗನೆ ಹೊರಟೆವು. ಕಲ್ಲುಕೋರೆಯ ತಿರುವಿನಲ್ಲಿ ಪಟ್ ಪಟ್. ಈಗ ಅವಳು ಜಡೆ ಕಟ್ಟುತ್ತಿರಬೇಕು ಎಂದುಕೊಂಡೆ. ಹುಣಸೆಮರದ ಹತ್ತಿರ ಮತ್ತೆ ಪಟ್ ಪಟ್. ಈಗ ಓಡುತ್ತಿರಬೇಕು.

ಗೋಳಿಕಟ್ಟೆಯ ಮೇಲೆ ಅವಳು ಕೂತಿದ್ದಳು. ಪಕ್ಕದಲ್ಲಿ ಉರಿದು ಮುಗಿದ ಸೂಟೆಯ ತುಂಡು ಬಿದ್ದಿತ್ತು. ಸೂಟೆ ಎಂದರೆ ತೆಂಗಿನ ಒಣಗರಿಯ ಪಂಜು, ಕತ್ತಲೆಯಲ್ಲಿ ನಡೆಯುವವರು ಹಿಡಿಯುವುದು. ಲಂಗದ ಅಂಚು ಇಬ್ಬನಿಗೆ ಒದ್ದೆಯಾಗಿತ್ತು.

ನಾನು ಇಳಿದೆ. "ಸದ್ದು ಕೇಳ್ಲಿಲ್ವಾ ಮಗಾ?"

"ಕೇಳ್ತು ಅಣ್ಣ. ಚೆನ್ನಾಗಿ ಕೇಳ್ತದೆ" ಎಂದಳು. ನನಗೆ ಬೇಸರವಾಗಬಾರದು ಎಂಬ ಕಾಳಜಿ ಆ ದನಿಯಲ್ಲಿತ್ತು. "ಆದ್ರೆ ಇನ್ನು ನಾನು ಸದ್ದಿಗೆ ಕಾಯುದಿಲ್ಲ."

ಅಷ್ಟು ಹೇಳಿ ಚೀಲ ಎತ್ತಿಕೊಂಡು ಹಿಂದೆ ಹತ್ತಿದಳು. ಮುಂದೆ ಕೂರು ಎಂದು ರೈಗಳು ಎಷ್ಟು ಹೇಳಿದರೂ ಕೇಳಲಿಲ್ಲ. ಗಾಡಿ ತಿರುವು ತಿರುವಿಗೂ ನಾನು ಕೊರೆದ ತೂತಿನಿಂದ ಸಿಡಿಯುತ್ತ ಹೋಯಿತು.

ಅವಳು ಪಾಸಾದಳು. ಸುಳ್ಯದವರು ಕಾಯಲಿಲ್ಲ, ಅದು ಒಳ್ಳೆಯದೇ ಆಯಿತು. ಒಂದು ವರ್ಷ ತಡವಾಗಿ ಟ್ರೈನಿಂಗಿಗೆ ಹೋದಳು, ಇಚಿಲಂಪಾಡಿಯ ಕಡೆ ಟೀಚರಾದಳು. ನಾಲ್ಕೈದು ವರ್ಷಗಳ ಬಳಿಕ ಒಮ್ಮೆ ಪುತ್ತೂರು ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿದ್ದಳು. ಬಸ್ಸಿಗೆ ಇನ್ನೂ ಒಂದು ಗಂಟೆ ಇತ್ತು. "ಇಷ್ಟು ಬೇಗ ಯಾಕೆ?" ಎಂದು ಕೇಳಲು ಬಾಯಿ ತೆರೆದವನು ಮುಚ್ಚಿಕೊಂಡೆ. ಅವಳು ನನ್ನ ಮಕ್ಕಳನ್ನು ವಿಚಾರಿಸಿದಳು.

ಆ ಮೇಲೆ ಮೂವತ್ತು ವರ್ಷ ಗ್ಯಾರೇಜ್ ನಡೆಸಿದೆ. ಲೋಟದ ಆಟ ಬಿಟ್ಟೆ. ಯಾರಾದರೂ ಹಳೆಯ ಗಾಡಿ ತಂದು "ಸದ್ದು ಕಮ್ಮಿ ಮಾಡಿ" ಎಂದರೆ, ಈ ಸದ್ದು ಕೇಳಿ ಏಳುವವರು, ಹೊರಡುವವರು, ಅಡುಗೆಗೆ ಇಡುವವರು ದಾರಿಯಲ್ಲಿ ಯಾರಾದರೂ ಇದ್ದಾರಾ ಎಂದು ಕೇಳುತ್ತಿದ್ದೆ. ಹೆಚ್ಚಿನವರು ಭಟ್ಟರಿಗೆ ವಯಸ್ಸಾಯಿತು ಎಂದು ನಕ್ಕರು. ಕೆಲವರು ಸ್ವಲ್ಪ ಯೋಚಿಸಿ, ಇದ್ದಾರೆ ಎಂದರು. ಗಾಡಿ ರಿಪೇರಿಗೆ ತಂದವನು ಒಬ್ಬ, ಆ ಗಾಡಿ ಬೇಕಾದವರು ಬೇರೆಯೇ ಇರುತ್ತಾರೆ, ಅವರು ಗ್ಯಾರೇಜಿಗೆ ಬಂದು ತಮಗೆ ಏನು ಬೇಕೆಂದು ಹೇಳುವುದಿಲ್ಲ. ನನ್ನ ಕೆಲಸ ನನಗೆ ಕಲಿಸಿದ್ದು ಇಷ್ಟು. ಕಲಿತದ್ದು ನಾನು, ಅದಕ್ಕೆ ಒಂದು ವರ್ಷ ಕೊಟ್ಟದ್ದು ಲಲಿತಾ. ಈಗಲೂ ಚೆನ್ನಾಗಿ ಓಡುವ ಗಾಡಿಯಲ್ಲಿ ಕೂತರೆ ನನ್ನ ಕಣ್ಣು ರಸ್ತೆಯ ಬದಿಗೆ ಹೋಗುತ್ತದೆ, ಕೆಳಗಿನ ಯಾವುದಾದರೂ ಕಾಲುದಾರಿಯಿಂದ ಯಾರಾದರೂ ಓಡಿ ಬರುತ್ತಿದ್ದಾರೋ ಎಂದು.